ಯೀಸ್ಟ್ ಗೆದ್ದಲ್ಲಿ ಪಾಚಿ ಎಡವಿದ್ದೇಕೆ?

ಒಂದು ಪ್ರೋಟೀನನ್ನು ತಯಾರಿಸಲು ಬೇಕಾದ ಸೂಚನೆಯನ್ನು ಹೊತ್ತ ಡಿಎನ್‌ಎ ತುಣುಕನ್ನು, ಅಂದರೆ ವಂಶವಾಹಿಯನ್ನು, ಒಂದೆಡೆಯಿಂದ ಕತ್ತರಿಸಿ ಇನ್ನೊಂದು ಕೋಶದೊಳಗೆ ಸೇರಿಸಿ ಕೆಲಸ ಮಾಡಿಸಬಹುದೆಂಬುದನ್ನು ಸ್ಟ್ಯಾನ್ಲಿ ಕೋಹೆನ್ ಮತ್ತು ಹರ್ಬರ್ಟ್ ಬಾಯರ್ 1973ರಲ್ಲಿ ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ತೋರಿಸಿಕೊಟ್ಟ ಮೇಲೆ, ಆ ವಿದ್ಯೆ ಕೈಗಾರಿಕೆಯಾಗಲು ಹತ್ತು ವರ್ಷವೂ ಹಿಡಿಯಲಿಲ್ಲ. ಅದುವರೆಗೆ ಹಂದಿ ಮತ್ತು ದನಗಳ ಮೇದೋಜೀರಕ ಗ್ರಂಥಿಯಿಂದ ತೆಗೆಯುತ್ತಿದ್ದ ಇನ್ಸುಲಿನ್ನಿನ ಮಾನವ ರೂಪವನ್ನು 1978ರಲ್ಲಿ ಬ್ಯಾಕ್ಟೀರಿಯಾದಿಂದ ಪಡೆಯಲಾಯಿತು; 1982ರಲ್ಲಿ ಅಮೆರಿಕದಲ್ಲಿ ಅದರ ಮಾರಾಟಕ್ಕೆ ಅನುಮತಿ ದೊರೆಯಿತು. ಬೆಂಗಳೂರಿನ ಬಯೋಕಾನ್ ಸಂಸ್ಥೆ ಇದೇ ಔಷಧವನ್ನು ಪಿಕಿಯಾ ಎಂಬ ಯೀಸ್ಟಿನಲ್ಲಿ ತಯಾರಿಸಿ 2004ರಲ್ಲಿ ಮಾರುಕಟ್ಟೆಗೆ ತಂದಿತು. ಚೀಸ್ ತಯಾರಿಕೆಯಲ್ಲಿ ಹಾಲನ್ನು ಗಟ್ಟಿಗೊಳಿಸುವ ಕೈಮೊಸಿನ್ ಎಂಬ ಕಿಣ್ವಕ್ಕೂ ಈಗ ಎಳೆಗರುವಿನ ಜಠರವೇ ಬೇಕೆಂದಿಲ್ಲ.

ಈ ಯಶಸ್ಸುಗಳಲ್ಲಿ ಸಾಮಾನ್ಯವಾಗಿ ಗಮನಕ್ಕೆ ಬಾರದ ಒಂದು ಸಂಗತಿಯಿದೆ. ಇಲ್ಲಿ ಸೂಕ್ಷ್ಮಜೀವಿಯು ಮುಚ್ಚಿದ ಉಕ್ಕಿನ ತೊಟ್ಟಿಯಲ್ಲಿ, ಮನುಷ್ಯನೇ ಒದಗಿಸಿದ ಸಕ್ಕರೆಯನ್ನೋ ಅಂಥದೇ ಬೇರೆ ಆಹಾರವನ್ನೋ ತಿಂದು, ಅತ್ಯಲ್ಪ ಪ್ರಮಾಣದಲ್ಲಿ ಬೇಕಾದ, ಬೆಲೆಯಲ್ಲಿ ಬಹಳ ಹೆಚ್ಚಿನ ವಸ್ತುವನ್ನು ತಯಾರಿಸುತ್ತದೆ. ಬೆಲೆಯ ಈ ಅನುಕೂಲ ಸ್ವಲ್ಪ ಸಡಿಲಿದರೂ ಲೆಕ್ಕ ತಪ್ಪುತ್ತದೆ. ಮಲೇರಿಯಾ ಔಷಧ ಆರ್ಟಿಮಿಸಿನಿನ್ ಇದಕ್ಕೆ ಸಾಕ್ಷಿ: ಅಮೆರಿಕದ ಜೇ ಕೀಸ್ಲಿಂಗ್ ಮತ್ತು ಸಂಗಡಿಗರ ಪ್ರಯತ್ನದಿಂದ ಯೀಸ್ಟು ಲೀಟರಿಗೆ 25 ಗ್ರಾಂನಷ್ಟು ಆರ್ಟಿಮಿಸಿನಿಕ್ ಆಮ್ಲವನ್ನು, ಅಂದರೆ ಔಷಧದ ಹಿಂದಿನ ಹಂತದ ವಸ್ತುವನ್ನು, ಕೊಡುವಂತಾದರೂ, ಗಿಡದಿಂದ ತೆಗೆದ ಆರ್ಟಿಮಿಸಿನಿನ್ನಿನ ಬೆಲೆ ಕುಸಿದಾಗ ಕಾರ್ಖಾನೆಯ ಸರಕಿಗೆ ಅದರೊಡನೆ ಪೈಪೋಟಿ ನಡೆಸಲಾಗಲಿಲ್ಲ. ವಿಜ್ಞಾನ ಸೋತದ್ದಲ್ಲ, ರೈತ ಬೆಳೆದ ಗಿಡ ಗೆದ್ದದ್ದು.

ಪಾಚಿಯಿಂದ ಇಂಧನವನ್ನು, ಅಂದರೆ ಅಪಾರ ಪ್ರಮಾಣದಲ್ಲಿ ಅಗ್ಗವಾಗಿ ಬೇಕಾದ ಸರಕನ್ನು, ತೆಗೆಯುವ ಯೋಜನೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕಾಗಿದೆ. ಸಾರಜನಕದ ಕೊರತೆಯಾದಾಗ ಅನೇಕ ಜಾತಿಯ ಸೂಕ್ಷ್ಮ ಪಾಚಿಗಳು ತಮ್ಮ ಕೋಶದಲ್ಲಿ ಎಣ್ಣೆಯನ್ನು ಕೂಡಿಡುತ್ತವೆ. ಆ ಎಣ್ಣೆಯನ್ನು ಡೀಸೆಲ್ಲಾಗಿ ಮಾರ್ಪಡಿಸಬಹುದು. ಅಮೆರಿಕದ ಇಂಧನ ಇಲಾಖೆ 1978ರಿಂದ 1996ರವರೆಗೆ ಇದಕ್ಕಾಗಿಯೇ ಒಂದು ಕಾರ್ಯಕ್ರಮ ನಡೆಸಿತು. ತೊಡಕೆಂದರೆ, ಸಾರಜನಕವಿಲ್ಲದೆ ಎಣ್ಣೆ ಹೆಚ್ಚಿದಂತೆ ಬೆಳವಣಿಗೆಯೇ ನಿಲ್ಲುತ್ತದೆ. ತಳಿ ತಂತ್ರಜ್ಞಾನ ಈ ಗಂಟನ್ನು ಬಿಡಿಸೀತೆಂಬ ನಿರೀಕ್ಷೆಯಿಂದ 2009ರಲ್ಲಿ ಎಕ್ಸಾನ್‌ಮೊಬಿಲ್ ತೈಲ ಕಂಪನಿಯು ತಳಿವಿಜ್ಞಾನಿ ಕ್ರೇಗ್ ವೆಂಟರ್ ಅವರ ಸಿಂಥೆಟಿಕ್ ಜೀನೋಮಿಕ್ಸ್ ಸಂಸ್ಥೆಯೊಡನೆ ಕೈಜೋಡಿಸಿತು. ಈ ಯೋಜನೆಯ ಸಂಶೋಧಕರು 2017ರಲ್ಲಿ ಪ್ರಕಟಿಸಿದಂತೆ, ನ್ಯಾನೊಕ್ಲೊರಾಪ್ಸಿಸ್ ಎಂಬ ಪಾಚಿಯಲ್ಲಿ ಇತರ ವಂಶವಾಹಿಗಳನ್ನು ನಿಯಂತ್ರಿಸುವ ಒಂದು ವಂಶವಾಹಿಯನ್ನು ಪೂರ್ತಿ ಅಳಿಸದೆ, ಅದರ ಚಟುವಟಿಕೆಯನ್ನು ಮಾತ್ರ ತಗ್ಗಿಸಿದಾಗ, ಸುಮಾರು ಶೇ. 20ರಷ್ಟಿದ್ದ ಎಣ್ಣೆ ಶೇ. 40ನ್ನು ಮೀರಿತು, ಬೆಳವಣಿಗೆಯೂ ಹೆಚ್ಚು ಕುಂದಲಿಲ್ಲ. ಇದು ನಿಜಕ್ಕೂ ಸೊಗಸಾದ ಕೆಲಸ.

ಆದರೆ ಪಾಚಿಯನ್ನು ಬಿಸಿಲಿನಲ್ಲಿ ಬೆಳೆಸುವ ತೆರೆದ ಕೊಳದಲ್ಲಿ ಎಣ್ಣೆಯ ಪ್ರಮಾಣವೊಂದೇ ತಡೆಯಾಗಿರಲಿಲ್ಲ. ಒತ್ತಾಗಿ ಬಿತ್ತಿದ ಪೈರಿನಲ್ಲಿ ಕೆಳಗಿನ ಎಲೆಗೆ ಬಿಸಿಲು ಸಿಗದಂತೆ, ಕೊಳದ ಮೇಲ್ಪದರದ ಕೋಶಗಳು ತಾವು ಬಳಸಬಲ್ಲದ್ದಕ್ಕಿಂತ ಹೆಚ್ಚು ಬೆಳಕನ್ನು ಹೀರಿ, ಮಿಕ್ಕಿದ್ದನ್ನು ಶಾಖವಾಗಿ ಹೊರಹಾಕುತ್ತವೆ, ಕೆಳಗಿನವು ಕತ್ತಲಲ್ಲಿರುತ್ತವೆ. ಬೆಳಕು ಹಿಡಿಯುವ ವರ್ಣಕಣಗಳನ್ನು ಕಡಿಮೆ ಮಾಡಿದ ತಳಿಗಳನ್ನು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಅನಸ್ತಾಸಿಯೋಸ್ ಮೆಲಿಸ್ ರೂಪಿಸಿದರು. ಒಟ್ಟಾರೆ ಕೊಳಕ್ಕೆ ಅನುಕೂಲವಾದ ಈ ಗುಣ ಪ್ರತ್ಯೇಕ ಕೋಶಕ್ಕೆ ಮಾತ್ರ ಅನನುಕೂಲ. ತೆರೆದ ನೀರಿಗೆ ಕಾಡು ಪಾಚಿ ನುಸುಳಿತೆಂದರೆ, ಹೆಚ್ಚು ಬೆಳಕನ್ನು ಕಬಳಿಸುವ ಅದೇ ಮೇಲುಗೈ ಸಾಧಿಸುವ ಸಂಭವ ಹೆಚ್ಚು. ಇನ್ನು ಕೊಯ್ಲು: ತೆರೆದ ಕೊಳದ ಒಂದು ಲೀಟರ್ ನೀರಿನಲ್ಲಿ ಒಣ ಪಾಚಿ ಹೆಚ್ಚೆಂದರೆ ಒಂದು ಗ್ರಾಂ ಆಸುಪಾಸು ಸಿಗುವುದರಿಂದ, ಒಂದು ಕಿಲೋಗ್ರಾಂ ಪಾಚಿಗಾಗಿ ಸಾವಿರ ಲೀಟರಿನಷ್ಟು ನೀರನ್ನು ಬೇರ್ಪಡಿಸಬೇಕಾಗುತ್ತದೆ. ಈ ಖರ್ಚನ್ನು ಸಾಕಷ್ಟು ಇಳಿಸುವ ವಂಶವಾಹಿ ಇನ್ನೂ ಕೈಗಾರಿಕೆಗೆ ಸಿಕ್ಕಿಲ್ಲ.

ಕುಲಾಂತರಿ ಪಾಚಿ ಪರಿಸರವನ್ನು ಆಕ್ರಮಿಸೀತೆಂಬ ಭಯವೂ ಇದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಅನುಮತಿಯೊಂದಿಗೆ ಕ್ಯಾಲಿಫೋರ್ನಿಯಾದಲ್ಲಿ ನಡೆದ ಹೊರಾಂಗಣ ಪ್ರಯೋಗದಲ್ಲಿ ಅಂಥ ಪಾಚಿ ಸುತ್ತಲಿನ ನೀರಿನ ಪಾತ್ರೆಗಳಿಗೆ ಹಾರಿದ್ದು ನಿಜ. ಆದರೆ ಸ್ಥಳೀಯ ಪಾಚಿಗಳನ್ನು ಅದು ಹಿಂದಿಕ್ಕಲಿಲ್ಲ. ಹಾಗೆಂದು ಒಂದು ಪ್ರಯೋಗದಿಂದ ಎಲ್ಲ ಜಾತಿಗಳಿಗೂ ಅಭಯ ಕೊಡಲಾಗದು. ಭಾರತದಲ್ಲಿ 1986ರ ಪರಿಸರ ಸಂರಕ್ಷಣಾ ಕಾಯಿದೆಯಡಿ ರಚಿತವಾದ 1989ರ ನಿಯಮಗಳು ಕುಲಾಂತರಿ ಸಸ್ಯಗಳಿಗಷ್ಟೇ ಅಲ್ಲದೆ ಸೂಕ್ಷ್ಮಜೀವಿಗಳಿಗೂ ಅನ್ವಯಿಸುತ್ತವೆ.

ಬಿಸಿಲನ್ನು ಬಿಟ್ಟು, ಸಕ್ಕರೆ ತಿನ್ನಿಸಿ ಕತ್ತಲ ತೊಟ್ಟಿಯಲ್ಲೇ ಪಾಚಿ ಬೆಳೆಸಿದ ಸೊಲಜೈಮ್ ಕಂಪನಿ ಇಂಧನದಿಂದ ಆಹಾರ ಮತ್ತು ಸೌಂದರ್ಯವರ್ಧಕಗಳ ಎಣ್ಣೆಯತ್ತ ಹೊರಳಿ, ಹೆಸರನ್ನೂ ಬದಲಿಸಿಕೊಂಡು, 2017ರಲ್ಲಿ ದಿವಾಳಿಯಾಯಿತು. ಎಕ್ಸಾನ್ 2023ರ ಹೊತ್ತಿಗೆ ಪಾಚಿಯ ಸಂಶೋಧನೆಯಿಂದ ಹಿಂದೆ ಸರಿಯಿತು. ಆದ್ದರಿಂದ ಪಾಚಿ ಇಂಧನಕ್ಕೆ ಸಾರ್ವಜನಿಕ ಹಣ ಕೇಳುವ ಮುಂದಿನ ಯೋಜನೆ ಎದುರಿಗೆ ಬಂದಾಗ, ಎಣ್ಣೆಯ ಶೇಕಡಾವಾರು ಎಷ್ಟೆಂಬುದಕ್ಕಿಂತ ಮೊದಲು, ಒಂದು ಲೀಟರ್ ಇಂಧನಕ್ಕೆ ಎಷ್ಟು ನೀರನ್ನು ಎಷ್ಟು ಖರ್ಚಿನಲ್ಲಿ ಬೇರ್ಪಡಿಸಬೇಕೆಂಬ ಲೆಕ್ಕವನ್ನು ನಾಗರಿಕರು ಕೇಳಬೇಕು.