ಗ್ರಂಥಾಲಯದ ಬಾಗಿಲು ಯಾರ ಹೊತ್ತಿಗೆ?
(ಅಲಖನೂರಿನಲ್ಲಿ ಮಾಡಿದ ಭಾಷಣ)



“ಮೊಬೈಲು ಬಂದಿತು, ಇನ್ನು ಪುಸ್ತಕ ಯಾರು ಓದುತ್ತಾರೆ?” ಎಂದು ಹಿರಿಯರು ಕೇಳುತ್ತಾರೆ. ನಾನು ಕೇಳುವುದು ಬೇರೆ. ಆ ಮೊಬೈಲು ಯಾರ ಕೈಯಲ್ಲಿದೆ?

2020ರಲ್ಲಿ ಕೊರೋನಾದಿಂದ ಶಾಲೆಗಳಿಗೆ ಬೀಗ ಬಿದ್ದಾಗ, ಪಾಠ ಫೋನಿನಲ್ಲಿ ಬರುವುದೆಂದರು. ಬಡವರ ಮನೆಗೊಂದೇ ಫೋನು. ಅದು ಅಪ್ಪನ ಕಿಸೆಯಲ್ಲಿ, ಅಪ್ಪ ಕಬ್ಬಿನ ಹೊಲದಲ್ಲಿ. ಮಗು ಏನು ಕಲಿಯಬೇಕು? ಆಗ ಸರಕಾರಿ ಶಾಲೆಯ ಮಾಸ್ತರರು ‘ವಿದ್ಯಾಗಮ’ದಲ್ಲಿ ಗುಡಿಯ ಕಟ್ಟೆಗೆ, ಮರದ ನೆರಳಿಗೆ ಮಕ್ಕಳನ್ನು ಕೂಡಿಸಿಕೊಂಡು ಕಲಿಸಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದೂ ನಿಂತಿತು. ಮುಂದೆ ‘ಓದುವ ಬೆಳಕು’ ಎಂಬ ಕಾರ್ಯಕ್ರಮದಲ್ಲಿ ಗ್ರಾಮ ಪಂಚಾಯತಿ ಗ್ರಂಥಾಲಯಗಳು 6ರಿಂದ 18 ವರ್ಷದ ಮಕ್ಕಳಿಗೆ ಪುಕ್ಕಟೆ ಸದಸ್ಯತ್ವ ಕೊಟ್ಟವು. ಲಕ್ಷಗಟ್ಟಲೆ ಮಕ್ಕಳು ಹೆಸರು ಬರೆಸಿದರು. ಓದುವ ಹಸಿವು ಸತ್ತಿದೆಯೆಂದು ಇನ್ನು ಯಾರೂ ಹೇಳಬಾರದು.

ಇದು ಯಾರ ಭಿಕ್ಷೆಯೂ ಅಲ್ಲ. ನಮ್ಮ ರಾಯಬಾಗ ಸೇರಿದ್ದ ಕೊಲ್ಹಾಪುರ ಸಂಸ್ಥಾನವೇ 1945ರಲ್ಲಿ, ದೇಶದಲ್ಲಿ ಎಲ್ಲರಿಗಿಂತ ಮೊದಲು, ಗ್ರಂಥಾಲಯ ಕಾಯದೆ ಮಾಡಿತು. ಆಗಿನ ಮೈಸೂರು ರಾಜ್ಯದಲ್ಲಿ ಕಾಯದೆ ಬಂದದ್ದು 1965ರಲ್ಲಿ. ಅಂದಿನಿಂದ ನಾವು ಗ್ರಂಥಾಲಯ ಕರ ಕೊಡುತ್ತಿದ್ದೇವೆ. ಮನೆಪಟ್ಟಿಯ ಪಾವತಿ ತೆಗೆದು ನೋಡಿರಿ: ತೆರಿಗೆಯ ರೂಪಾಯಿಗೆ 6 ಪೈಸೆ. ಗುಡಿಸಲಿನವನೂ ಕೊಟ್ಟ ಹಣವದು.

2019ರಲ್ಲಿ ಹಳ್ಳಿಯ ಗ್ರಂಥಾಲಯಗಳು ಪಂಚಾಯತ ರಾಜ್ ಇಲಾಖೆಗೆ ಬಂದವು. ಇಂದು ಅವಕ್ಕೆ ‘ಅರಿವು ಕೇಂದ್ರ’ವೆಂದು ಹೆಸರು. ಎಷ್ಟೋ ಕಡೆ ಗಣಕಯಂತ್ರ, ಟೀವಿ ಬಂದಿವೆ. ಒಳ್ಳೆಯದೇ. ಪೋಲೀಸು ಪರೀಕ್ಷೆಗೆ ಓದುವ ಹುಡುಗನಿಗೂ ವಿದ್ಯಾರ್ಥಿವೇತನದ ಅರ್ಜಿ ತುಂಬುವ ಹುಡುಗಿಗೂ ಯಂತ್ರ ಬೇಕು. ಪೇಟೆಯ ಅಂಗಡಿಗೆ ದುಡ್ಡು ಸುರಿಯುವುದು ತಪ್ಪುತ್ತದೆ. ಆದರೆ ಯಂತ್ರ ತಾನಾಗಿ ಮಾತಾಡುವುದಿಲ್ಲ, ತೋರಿಸಿಕೊಡುವವರು ಬೇಕು. ಆ ಕೆಲಸದ ಮೇಲ್ವಿಚಾರಕನನ್ನು ವರ್ಷಗಟ್ಟಲೆ ಗೌರವಧನವೆಂಬ ಪುಡಿಗಾಸಿನ ಮೇಲೆ ದುಡಿಸಿಕೊಂಡರು. (ಗೌರವವೂ ಇಲ್ಲ, ಧನವೂ ಇಲ್ಲ ಎನ್ನುವವರ ಮಾತು ಸುಳ್ಳಲ್ಲ.)

ಇನ್ನು ವೇಳೆಯ ಮಾತು. ಕೂಲಿಯವರು ಹೊಲದಿಂದ ಬರುವುದು ದೀಪ ಹಚ್ಚುವ ಹೊತ್ತಿಗೆ. ಆಗ ಬಾಗಿಲಿಗೆ ಬೀಗವಿದ್ದರೆ, ಒಳಗಿನ ಪುಸ್ತಕ, ಯಂತ್ರ ಎರಡೂ ಅವರ ಪಾಲಿಗೆ ಇಲ್ಲ. ಸಂಜೆ ಎರಡು ತಾಸು ಬಾಗಿಲು ತೆರೆದಿರಲಿ. ಅದಕ್ಕೆ ಇನ್ನೊಬ್ಬರನ್ನು ಪೂರ್ಣ ಕೂಲಿ ಕೊಟ್ಟು ನೇಮಿಸಲಿ, ಇದ್ದವರ ಬೆನ್ನಿಗೇ ಹೇರುವುದು ಬೇಡ. ಓದು ಬಾರದ ಹೆಂಗಸರಿಗೆ ವಾರಕ್ಕೊಮ್ಮೆ ಪತ್ರಿಕೆ ಓದಿ ಹೇಳಲಿ.

ಮುಂದಿನ ಗ್ರಾಮಸಭೆಗೆ ಹತ್ತು ಮಂದಿಯಾದರೂ ಬನ್ನಿರಿ. ಗ್ರಂಥಾಲಯ ಕರ ಎಷ್ಟು ವಸೂಲಾಯಿತು, ಎಲ್ಲಿ ಖರ್ಚಾಯಿತು ಎಂದು ಕೇಳಿರಿ. ಬಾಯಿಮಾತಿನ ಉತ್ತರ ಬೇಡ, ನಡಾವಳಿಯಲ್ಲಿ ಬರೆಸಿರಿ.