750 ಡಾಲರಿಗೆ ಹೋದ ಹಾಡು

(ಹಾಡುಗಾರರ ಶಿಬಿರದಲ್ಲಿ ಆಡಿದ ಮಾತು)



ಹಾಡು ಕಟ್ಟೋರು, ಹಾಡೋರು ಇಲ್ಲಿ ಕೂತಿದ್ದೀರಿ. ನಿಮಗೆ ಅಮೆರಿಕದ ಒಂದು ಹಾಡಿನ ಲೆಕ್ಕ ಹೇಳ್ತೀನಿ. ಲೆಕ್ಕ ಅಂತಲೇ ಅಂದೆ. ಯಾರು ಕಟ್ಟಿದರು, ಯಾರ ಗಂಟಲಲ್ಲಿ ಊರೂರು ಸುತ್ತಿತು, ದುಡ್ಡು ಯಾರ ಜೇಬು ಸೇರಿತು, ಸರ್ಕಾರ ಯಾಕೆ ಬೆದರಿತು, ಇಷ್ಟೇ. ಅಲ್ಲಿನ ಕರಿಯರ ಹೋರಾಟ ನಮಗೆ ದೂರದ್ದಲ್ಲ. 1972ರಲ್ಲಿ ಬೊಂಬಾಯಿಯ ನಮ್ಮ ಹುಡುಗರು ಬ್ಲ್ಯಾಕ್ ಪ್ಯಾಂಥರ್ಸ್ ಅನ್ನೋ ಹೆಸರು ನೋಡಿಯೇ ದಲಿತ ಪ್ಯಾಂಥರ್ಸ್ ಕಟ್ಟಿದರು. ಆದರೆ ಅಲ್ಲಿಂದ ಭಾಷಣಗಳು ನಮ್ಮವರೆಗೆ ಬಂದಷ್ಟು ಅಲ್ಲಿನ ಹಾಡುಗಾರನ ಹೊಟ್ಟೆಪಾಡಿನ ಸುದ್ದಿ ಬರಲಿಲ್ಲ.

ಹಾಡಿನ ಹೆಸರು ‘ಲೂಯೀ ಲೂಯೀ’. ಕಟ್ಟಿದವನು ರಿಚರ್ಡ್ ಬೆರಿ, ಕರಿಯ. 1935ರಲ್ಲಿ ಲೂಸಿಯಾನದಲ್ಲಿ ಹುಟ್ಟಿ, ಎಳೆಗೂಸಾಗಿದ್ದಾಗಲೇ ಲಾಸ್ ಏಂಜಲೀಸಿಗೆ ಬಂದವನು. ಸೊಂಟಕ್ಕೆ ಪೆಟ್ಟಾಗಿ ಚಿಕ್ಕಂದಿನಲ್ಲಿ ಊರುಗೋಲು ಹಿಡಿದು ನಡೆದವನು. ಆಮೇಲೆ ‘ಸೋಲ್’ ಅಂತ ಹೆಸರಾದ ಹಾಡಿಕೆ ಇದೆಯಲ್ಲ, ಅದರ ಹಿಂದಿನ ತಲೆ ರಿದಮ್ ಅಂಡ್ ಬ್ಲೂಸ್. ಬೆರಿ ಆ ತಲೆಮಾರಿನ ದನಿ.

1954ರಲ್ಲಿ ರಾಬಿನ್ಸ್ ಅನ್ನೋ ತಂಡ ಜೈಲಿನ ದಂಗೆಯ ಬಗ್ಗೆ ಒಂದು ಹಾಡು ರೆಕಾರ್ಡು ಮಾಡಿತು. ಅದರ ದಪ್ಪ ದನಿ ಬೆರಿಯದು. ಹೆಸರು ಹಾಕಲಿಲ್ಲ. 1955ರಲ್ಲಿ ಎಟ್ಟಾ ಜೇಮ್ಸ್ ಎಂಬ ಹುಡುಗಿಯ ಮೊದಲ ರೆಕಾರ್ಡು ಬಂತು. ಅದರಲ್ಲಿ ಆಕೆ ಹೆನ್ರಿ ಹೆನ್ರಿ ಅಂತ ಕರೀತಾಳೆ, ಒಬ್ಬ ಓಗೊಡ್ತಾನೆ. ಆ ಹೆನ್ರಿಯೂ ಬೆರಿಯೇ. ಅಲ್ಲೂ ಹೆಸರಿಲ್ಲ. ಅದೇ ವರ್ಷ ಜಾರ್ಜಿಯಾ ಗಿಬ್ಸ್ ಅನ್ನೋ ಬಿಳಿ ಗಾಯಕಿ ಅದರ ಮಾತುಗಳನ್ನ ಒಂಚೂರು ‘ಮಡಿ’ ಮಾಡಿ ಹಾಡಿದಳು. ದೇಶಕ್ಕೆಲ್ಲ ಒಂದನೇ ನಂಬರಿಗೆ ಹೋಗಿದ್ದು ಆ ಮಡಿ ಮಾಡಿದ್ದು. ಹಾಡಿಗೂ ಮೈಲಿಗೆ ಕಳೀತಾರೆ, ನೋಡಿ.

ಈಗ ‘ಲೂಯೀ ಲೂಯೀ’ಗೆ ಬರ್ತೀನಿ. ಬೆರಿ ಆಗ ಒಂದು ಲ್ಯಾಟಿನ್ ವಾದ್ಯತಂಡದ ಜೊತೆ ಹಾಡ್ತಿದ್ದ. ಅವರು ಕ್ಯೂಬಾದ ರೆನೆ ತೂಸೆಯ ಒಂದು ಚಾ-ಚಾ ನುಡಿಸೋರು. ಅದರ ಶುರುವಿನ ಗತ್ತು ಇವನ ತಲೇಲಿ ಹೊಕ್ಕಿತು. ವೇಷ ಬದಲಿಸೋ ಕೋಣೆಯಲ್ಲಿ ಕೈಗೆ ಸಿಕ್ಕಿದ ಕಾಗದದ ಚೂರಿನಲ್ಲೇ ಮಾತು ಗೀಚಿಕೊಂಡ. ಹಡಗಿನಲ್ಲಿ ದುಡಿಯೋ ಒಬ್ಬ ಆಳು ಹೆಂಡದಂಗಡಿಯ ಲೂಯಿಯ ಮುಂದೆ ಕೂತು, ದೂರದ ದ್ವೀಪದಲ್ಲಿ ಬಿಟ್ಟುಬಂದ ಹುಡುಗಿಯನ್ನ ನೆನೀತಾನೆ. ಇಷ್ಟೇ ಹಾಡು. ಗತ್ತು ಕ್ಯೂಬಾದ್ದು, ಮಾತಿನ ಧಾಟಿ ಜಮೈಕಾದ್ದು, ಕಟ್ಟಿದವನು ಲಾಸ್ ಏಂಜಲೀಸಿನವನು. ಹಾಡು ಹಾಗೇ ಹುಟ್ಟೋದು, ಹತ್ತು ಕೈ ದಾಟಿ. ಅದರಲ್ಲಿ ತಪ್ಪಿಲ್ಲ. ಆದರೆ ಹತ್ತು ಕೈ ದಾಟಿದ್ದು ಕೊನೆಗೆ ಒಬ್ಬನ ಪೆಟ್ಟಿಗೆಯಲ್ಲಿ ಬೀಗ ಬೀಳೋದು ಹ್ಯಾಗೆ, ಅದನ್ನ ಕೇಳಿ.

1957ರಲ್ಲಿ ಫ್ಲಿಪ್ ಅನ್ನೋ ಸಣ್ಣ ಕಂಪನಿ ಇದನ್ನ ರೆಕಾರ್ಡಿನ ಹಿಂಬದಿಗೆ ಹಾಕಿ ಬಿಟ್ಟಿತು. ಅಷ್ಟಿಷ್ಟು ಓಡಿತು, ನಿಂತಿತು. ಬೆರಿಗೆ ಮದುವೆ ಖರ್ಚು ಎದುರಿತ್ತು. ಈ ಹಾಡನ್ನೂ ಇನ್ನು ನಾಲ್ಕನ್ನೂ ಸೇರಿಸಿ ಕಂಪನಿಯ ಒಡೆಯನಿಗೇ 750 ಡಾಲರಿಗೆ ಬರೆದುಕೊಟ್ಟ. ರೇಡಿಯೋದಲ್ಲಿ ಹಾಕಿದಾಗ ಬರೋ ಚೂರು ಹಕ್ಕು ಮಾತ್ರ ಕೈಯಲ್ಲಿ ಉಳಿಯಿತು. ಮದುವೆಗೆ ಅಂತ ಹೊಲ ಬರೆದುಕೊಟ್ಟ ಮನೆಗಳು ನಿಮ್ಮ ನಿಮ್ಮ ಊರಲ್ಲೂ ಇವೆ. ಬಿಡಿಸಿ ಹೇಳಬೇಕಿಲ್ಲ.

ಹಾಡು ಸಾಯಲಿಲ್ಲ. ವಾಯವ್ಯ ಮೂಲೆಯ ಟಕೋಮಾ ಊರಿನ ರಾಕಿನ್ ರಾಬಿನ್ ರಾಬರ್ಟ್ಸ್ ಅನ್ನೋ ಬಿಳಿ ಹುಡುಗ ಬೆರಿಯ ರೆಕಾರ್ಡು ಕೇಳಿ ಮರುಳಾದ. 1961ರಲ್ಲಿ ತಾನೇ ಹಾಡಿದ. ಅವನದು ಕೇಳಿ ಸುತ್ತಲ ಹುಡುಗರ ತಂಡಗಳೆಲ್ಲ ಹಿಡಿದುಕೊಂಡವು. ಕಾರು ನಿಲ್ಲಿಸೋ ಶೆಡ್ಡಿನಲ್ಲಿ ಗಿಟಾರು ಬಡಿದು ಕಲಿತ ತಂಡಗಳು. ಅದಕ್ಕೇ ಮುಂದೆ ಗ್ಯಾರೇಜ್ ರಾಕ್ ಅಂತ ಹೆಸರು ಬಂತು. 1963ರ ಏಪ್ರಿಲ್‌ನಲ್ಲಿ ಪೋರ್ಟ್‌ಲ್ಯಾಂಡಿನ ಕಿಂಗ್ಸ್‌ಮೆನ್ ತಂಡ ಸುಮಾರು 50 ಡಾಲರು ಖರ್ಚಿನಲ್ಲಿ, ಒಂದೇ ಸಲಕ್ಕೆ ಇದನ್ನ ರೆಕಾರ್ಡು ಮಾಡಿತು. ಮೈಕು ಮೇಲೆ ತೂಗುಹಾಕಿದ್ದರಿಂದ ಜ್ಯಾಕ್ ಈಲಿ ಕತ್ತು ಎತ್ತಿ ಅರಚಬೇಕಾಯಿತು. ಮಾತು ಯಾರಿಗೂ ತಿಳಿಯದು. ಒಂದು ಕಡೆ ಅವನು ಮುಂಚೆಯೇ ಬಾಯಿ ಹಾಕಿ ತಡವರಿಸ್ತಾನೆ, ಅದನ್ನೂ ತಿದ್ದಲಿಲ್ಲ. ನಾನಂತೂ ಹೇಳ್ತೀನಿ, ಆ ಒರಟಿನಲ್ಲಿ ಜೀವ ಇದೆ. ಸಂಗೀತ ಪಂಡಿತರು ಮೂಗು ಮುರಿಯಲಿ. ಆ ವರ್ಷದ ಕೊನೆಗೆ ಅದು ದೇಶದಲ್ಲಿ ಎರಡನೇ ನಂಬರಿಗೆ ಏರಿತು. ಅಷ್ಟು ಹೊತ್ತಿಗೆ ಈಲಿ ತಂಡದಿಂದ ಹೊರಬಿದ್ದಿದ್ದ. ರೆಕಾರ್ಡಿನಲ್ಲಿ ಅವನ ದನಿ, ಟೀವಿಯಲ್ಲಿ ಬಾಯಿ ಆಡಿಸೋನು ಇನ್ನೊಬ್ಬ. ಆ ಬಿಳಿ ಹುಡುಗರಿಗೂ ಕಂಪನಿ ಸರಿಯಾಗಿ ದುಡ್ಡು ಕೊಡಲಿಲ್ಲ. ಕೋರ್ಟು ಹತ್ತಿ 1998ರಲ್ಲಿ ತಮ್ಮ ರೆಕಾರ್ಡಿನ ಹಕ್ಕು ಬಿಡಿಸಿಕೊಂಡರು. ಹಾಗಾಗಿ ಸಿಟ್ಟು ಬರೋದಾದರೆ ಆ ಹುಡುಗರ ಮೇಲೆ ಬರೋದು ಬೇಡ.

ಮಾತು ತಿಳೀದಿದ್ದರೆ ಜನ ತಾವೇ ತುಂಬಿಕೊಳ್ತಾರೆ. ಹುಡುಗರು ಪೋಲಿ ಮಾತು ಬರೆದ ಚೀಟಿಗಳನ್ನ ಕೈಯಿಂದ ಕೈಗೆ ಹಂಚಿದರು. 1964ರಲ್ಲಿ ಇಂಡಿಯಾನ ರಾಜ್ಯದ ಗವರ್ನರು ಇದು ಅಶ್ಲೀಲ, ರೇಡಿಯೋದಲ್ಲಿ ಹಾಕಬೇಡಿ ಅಂದ. ಹೆತ್ತವರೊಬ್ಬರು ಅಟಾರ್ನಿ ಜನರಲ್ ರಾಬರ್ಟ್ ಕೆನಡಿಗೇ ಕಾಗದ ಬರೆದರು. ಎಫ್‌ಬಿಐ ತನಿಖೆಗೆ ಇಳಿಯಿತು. ರೆಕಾರ್ಡನ್ನ ಬೇರೆ ಬೇರೆ ವೇಗದಲ್ಲಿ ತಿರುಗಿಸಿ ಕಿವಿಗೊಟ್ಟು ಕೂತರು. ನೂರಕ್ಕೂ ಮೀರಿದ ಪುಟಗಳ ಫೈಲಾಯಿತು. ಯಾವ ವೇಗದಲ್ಲೂ ತಿಳಿಯೋದಿಲ್ಲ ಅಂತ ಕೊನೆಗೆ ಷರಾ ಬರೆದರು. ಹಾಡಿನ ಮಾತು ಅದೇ ಸರ್ಕಾರದ ಕಾಪಿರೈಟ್ ಕಚೇರಿಯಲ್ಲಿ ದಾಖಲಾಗಿತ್ತು.    ಎರಡು ವರ್ಷ ಹಾಡನ್ನ ವಿಚಾರಣೆ ಮಾಡಿದ್ದು ಇಷ್ಟಕ್ಕೇ.

ಇಲ್ಲಿ ಒಂದು ಮಾತು ಸೇರಿಸಿಬಿಡ್ತೀನಿ, ಮರೆತರೆ ಕಷ್ಟ. ನಮ್ಮ ದೇಶದ ಕಾಪಿರೈಟ್ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಆಯಿತು. ಹಾಡು ಬರೆದವರು, ರಾಗ ಹಾಕಿದವರು ಕಂಪನಿಗೆ ಹಾಡನ್ನ ಬರೆದುಕೊಟ್ಟರೂ, ರಾಯಲ್ಟಿಯಲ್ಲಿ ತಮ್ಮ ಸಮಪಾಲನ್ನ ಬಿಟ್ಟುಕೊಡೋ ಹಾಗಿಲ್ಲ. ಬಿಟ್ಟೆ ಅಂತ ಸಹಿ ಹಾಕಿಸಿಕೊಂಡರೂ ನಡೆಯೋಲ್ಲ. ಆದರೆ ಕಟ್ಟಿದವರು ಇಂಥವರು ಅಂತ ಇದ್ದರೆ ತಾನೆ ಪಾಲು? ರೆಕಾರ್ಡಿನ ಮೇಲೆ ‘ಜಾನಪದ’ ಅಂತ ಮುದ್ರೆ ಒತ್ತಿದರೆ ಮುಗೀತು, ನಿಮ್ಮ ಹಾಡಿಗೆ ಅಪ್ಪ ಅಮ್ಮ ಇಲ್ಲ. ಆದ್ದರಿಂದ ಇವತ್ತು ಇಲ್ಲಿ ಕಟ್ಟಿದ ಹಾಡುಗಳ ಕೆಳಗೆ ಹೆಸರು, ಊರು, ತಾರೀಖು ಬರೀರಿ. ಓದು ಬಾರದವರ ಹಾಡಾದರೆ ಪಕ್ಕದಲ್ಲಿರೋರು ಬರೆದುಕೊಡಿ. ಹಾಡು ಎಲ್ಲರದೂ ಆಗಲಿ, ನಾನೂ ಅದನ್ನೇ ಅನ್ನೋದು. ಆದರೆ ‘ಎಲ್ಲರದು’ ಅಂತ ಹೇಳಿ ಒಬ್ಬನೇ ದುಡ್ಡು ಎಣಿಸೋ ಹಾಗಾಗಬಾರದು.

ಬೆರಿಯ ಕಥೆ ಇನ್ನೂ ಸ್ವಲ್ಪ ಇದೆ. ಹಾಡು ಸಾವಿರಕ್ಕೂ ಮೀರಿ ಸಲ ಬೇರೆ ಬೇರೆಯವರ ದನಿಯಲ್ಲಿ ರೆಕಾರ್ಡಾಯಿತು. ಬೆರಿ ಸಣ್ಣ ಕ್ಲಬ್ಬುಗಳಲ್ಲಿ ಹಾಡಿಕೊಂಡು ದಿನ ದೂಡಿದ. 1980ರ ದಶಕದಲ್ಲಿ ಲಾಸ್ ಏಂಜಲೀಸಿನ ತಾಯಿಯ ಮನೆಯಲ್ಲಿ ಸರ್ಕಾರದ ಬಡವರ ಭತ್ಯೆಯ ಮೇಲೆ ಬದುಕ್ತಿದ್ದ. ಆಗ ಒಂದು ಪಾನೀಯದ ಕಂಪನಿಗೆ ಜಾಹೀರಾತಿಗೆ ಈ ಹಾಡು ಬೇಕಾಯಿತು, ಅವನ ಸಹಿ ಬೇಕಾಯಿತು. ಹುಡುಕಿಕೊಂಡು ಬಂದರು. ಆ ಸಹಿಯ ನೆಪದಲ್ಲೇ ಹಕ್ಕಿನ ಮಾತು ಎದ್ದಿತು. ಕೋರ್ಟಿನ ಹೊರಗೆ ರಾಜಿಯಾಗಿ ಪಾಲು ವಾಪಸು ಬಂತು. ಐವತ್ತು ದಾಟಿದ ಮೇಲೆ ಬೆರಿ ಹಣವಂತನಾದ. ಇದನ್ನ ನ್ಯಾಯ ಗೆದ್ದಿತು ಅಂತ ಬರೆದವರಿದ್ದಾರೆ. ನಡುವಿನ ಮೂವತ್ತು ವರ್ಷ ಯಾರ ಖಾತೆಗೆ ಬರೀಬೇಕು ಅಂತ ಅವರು ಹೇಳೋದಿಲ್ಲ.

1996ರ ಫೆಬ್ರವರಿಯಲ್ಲಿ ಲಾಂಗ್ ಬೀಚ್ ಊರಿನಲ್ಲಿ, ಒಂದು ಸಹಾಯಾರ್ಥ ಕಾರ್ಯಕ್ರಮಕ್ಕೆ, ತನ್ನ ಹಳೆಯ ಜೊತೆಗಾರರಾದ ಫೇರೋಸ್ ತಂಡದವರನ್ನ ಸೇರಿಕೊಂಡು ಬೆರಿ ಕೊನೆಯ ಸಲ ಹಾಡಿದ. 1997ರ ಜನವರಿಯಲ್ಲಿ ತೀರಿಕೊಂಡ. 61 ವರ್ಷ ಆಗಿತ್ತು.