ಹಳಬನಾದಂತೆ ಮಗುವಾದ ಮಿಕ್ಕಿ

ಸ್ಕೂಲ್ ಬ್ಯಾಗು, ನೀರಿನ ಬಾಟಲಿ, ಪೆನ್ಸಿಲ್ ಡಬ್ಬಿ, ಎಲ್ಲದರ ಮೇಲೂ ಮಿಕ್ಕಿ ಮೌಸ್ ಇದ್ದಾನೆ. ದೊಡ್ಡ ಕಣ್ಣು, ಗುಂಡು ತಲೆ, ನೋಡಿದರೆ ಮುದ್ದು ಬರುತ್ತದೆ. ಆದರೆ 1928ರ ನವೆಂಬರ್ 18ರಂದು ನ್ಯೂಯಾರ್ಕಿನಲ್ಲಿ ‘ಸ್ಟೀಮ್‌ಬೋಟ್ ವಿಲ್ಲಿ’ ಎಂಬ ಕಾರ್ಟೂನ್ ಚಿತ್ರ ನೋಡಿದವರು ಕಂಡ ಮಿಕ್ಕಿಯೇ ಬೇರೆ. ಕಡ್ಡಿಯಂಥ ಕೈಕಾಲು, ಉದ್ದ ಮೂತಿ, ಕರಿ ಚುಕ್ಕೆಯಷ್ಟೇ ಕಣ್ಣು. ಬುದ್ಧಿಯಂತೂ ಕೇಳಲೇಬೇಡಿ! ಬೆಕ್ಕಿನ ಬಾಲ ಎಳೆದು, ಹಸುವಿನ ಹಲ್ಲು ಬಡಿದು ಸಂಗೀತ ಹೊರಡಿಸುವ ಕಿಡಿಗೇಡಿ.

ಅವನನ್ನು ಕಾಗದದ ಮೇಲೆ ಓಡಿಸಿದವರು ವಾಲ್ಟ್ ಡಿಸ್ನಿಯವರ ಗೆಳೆಯ ಅಬ್ ಐವರ್ಕ್ಸ್. ಕಾರ್ಟೂನಿಗೆ ಸಾವಿರಾರು ಚಿತ್ರ ಬೇಕು. ಬೇಗ ಬರೆಯಲು ವೃತ್ತವೇ ಸಲೀಸು. ಹಾಗಾಗಿ ತಲೆಗೊಂದು ವೃತ್ತ, ಕಿವಿಗೆರಡು. ಗಮನಿಸಿದ್ದೀರಾ? ಮಿಕ್ಕಿ ಯಾವ ಕಡೆ ತಿರುಗಿದರೂ ಕಿವಿಗಳು ದುಂಡಗೇ ಇರುತ್ತವೆ. ನಿಜವಾದ ಇಲಿ ಪಕ್ಕಕ್ಕೆ ತಿರುಗಿದರೆ ಹಾಗೆ ಕಾಣುವುದಿಲ್ಲ. 1929ರಲ್ಲಿ ಬಿಳಿ ಕೈಗವಸು ಬಂತು. ಕಪ್ಪು ಮೈಯ ಮುಂದೆ ಕಪ್ಪು ಕೈ ಆಡಿಸಿದರೆ ಯಾರಿಗೆ ಕಾಣಬೇಕು? 1939ರ ಹೊತ್ತಿಗೆ ಫ್ರೆಡ್ ಮೂರ್ ಎಂಬ ಕಲಾವಿದ ಅವನ ಕಣ್ಣಿಗೆ ಬಿಳಿ ಭಾಗವನ್ನೂ ಅದರೊಳಗೊಂದು ಪಾಪೆಯನ್ನೂ ಇಟ್ಟರು.

ಈ ಬದಲಾವಣೆಯನ್ನು ಅಳೆದು ನೋಡುವ ಆಸೆ ಹುಟ್ಟಿದ್ದು ಒಬ್ಬ ವಿಜ್ಞಾನಿಗೆ. ಅಮೆರಿಕದ ಸ್ಟೀಫನ್ ಜೇ ಗೂಲ್ಡ್ ಪಳೆಯುಳಿಕೆಗಳನ್ನು ಅಧ್ಯಯನ ಮಾಡುತ್ತಿದ್ದವರು. ಬಸವನಹುಳುವಿನ ಚಿಪ್ಪು ಅಳೆದ ಕೈಯಲ್ಲೇ ಮಿಕ್ಕಿಯ ಚಿತ್ರಗಳನ್ನೂ ಅಳೆದು 1979ರಲ್ಲಿ ಬರೆದರು. ಮೊದಲು ತಲೆಯ ಉದ್ದದಲ್ಲಿ ಶೇ. 27ರಷ್ಟಿದ್ದ ಕಣ್ಣು ಶೇ. 42ಕ್ಕೆ ಏರಿತ್ತು. ಮೈಗೆ ಹೋಲಿಸಿದರೆ ತಲೆಯೂ ದೊಡ್ಡದಾಗಿತ್ತು. ಕಿವಿ ಹಿಂದಕ್ಕೆ ಸರಿದು ಹಣೆ ಅಗಲವಾಗಿತ್ತು. ಅಂದರೆ ವರ್ಷ ಕಳೆದಂತೆ ಮಿಕ್ಕಿ ಚಿಕ್ಕವನಾಗುತ್ತ ಬಂದಿದ್ದ! ನಾವು ಬೆಳೆಯುವುದು ಇದಕ್ಕೆ ತೀರಾ ಉಲ್ಟಾ.

ಇದರಿಂದ ಏನು ಲಾಭ? ಎಳೆಮಗುವಿನಂಥ ದೊಡ್ಡ ತಲೆ, ಅಗಲ ಹಣೆ, ದೊಡ್ಡ ಕಣ್ಣು, ಉಬ್ಬಿದ ಕೆನ್ನೆ ಕಂಡರೆ ನಮ್ಮಲ್ಲಿ ಅಕ್ಕರೆ ಉಕ್ಕುತ್ತದೆ ಎಂದು ಕಾನ್ರಾಡ್ ಲೊರೆಂಜ್ ಎಂಬ ವಿಜ್ಞಾನಿ 1943ರಲ್ಲೇ ಹೇಳಿದ್ದರು. ಮನುಷ್ಯರ ಮಗು ತಾನಾಗಿ ಉಣ್ಣಲಾರದು, ನಡೆಯಲಾರದು. ದೊಡ್ಡವರಿಗೆ ಅದನ್ನು ಎತ್ತಿಕೊಳ್ಳಬೇಕು ಅನ್ನಿಸಿದರೇ ಅದು ಉಳಿದೀತು. ನಾಯಿಮರಿಯನ್ನು ಕಂಡಾಗಲೂ ನಮಗೆ ಹಾಗೇ ಆಗುತ್ತದೆ. ಕಲಾವಿದರು ಇದನ್ನೆಲ್ಲ ಲೆಕ್ಕ ಹಾಕಿ ಬರೆದಿರಲಿಕ್ಕಿಲ್ಲ. ಮಿಕ್ಕಿ ತುಂಟತನ ಬಿಟ್ಟು ಒಳ್ಳೆಯವನಾದಂತೆ ಮುಖವೂ ಮೃದುವಾಯಿತು, ಅಷ್ಟೇ. ಇದು ನಿಜವಾದ ಜೀವವಿಕಾಸವಲ್ಲ ಅನ್ನುವುದನ್ನೂ ಮರೆಯಬೇಡಿ. ಅದಕ್ಕೆ ತಲೆಮಾರುಗಳು ಬೇಕು. ಇಲ್ಲಿ ಎಲ್ಲವೂ ಪೆನ್ಸಿಲಿನ ಕೆಲಸ.

ಮಗುವಿನ ತಲೆ ಎಷ್ಟು ದೊಡ್ಡದು ಎಂದು ನೀವೇ ನೋಡಬೇಕೆ? ಮನೆಯಲ್ಲಿ ಎಳೆಮಗು ಇದ್ದರೆ, ಅಮ್ಮನನ್ನು ಕೇಳಿ, ಟೇಪು ಹಿಡಿಯಿರಿ. ಹುಟ್ಟಿದ ಮಗುವಿನ ಉದ್ದದಲ್ಲಿ ತಲೆಯೇ ಸುಮಾರು ಕಾಲು ಪಾಲು. ಆಮೇಲೆ ಅಪ್ಪನನ್ನು ಗೋಡೆಗೆ ಒರಗಿಸಿ ನಿಲ್ಲಿಸಿ ಅಳೆಯಿರಿ. ಅಪ್ಪನ ತಲೆ ಎತ್ತರದ ಏಳರಲ್ಲೋ ಎಂಟರಲ್ಲೋ ಒಂದು ಪಾಲು ಬರಬೇಕು.